ಎರಡೂ ಕಾಡಿಗೆ ಸಮಸಮ

ನಮ್ಮಕ್ಕನಿಗೆ ಸಮಪಾಲಿನ ಹುಚ್ಚು. ಚಿಕ್ಕಂದಿನಲ್ಲಿ ಒಂದು ಕಿತ್ತಳೆ ಸಿಕ್ಕರೆ ತೊಳೆಗಳನ್ನು ಸಾಲಾಗಿ ಜೋಡಿಸಿ, ದೊಡ್ಡದಕ್ಕೆ ದೊಡ್ಡದು, ಸಣ್ಣದಕ್ಕೆ ಸಣ್ಣದು ನೋಡಿ ಹಂಚುವಷ್ಟರಲ್ಲಿ ನನ್ನ ಬಾಯಿಯ ನೀರೆಲ್ಲ ಒಣಗಿಹೋಗುತ್ತಿತ್ತು. ಇವಳು ತಕ್ಕಡಿ ಹಿಡಿದೇ ಹುಟ್ಟಿದವಳು ಎಂದು ಅಮ್ಮ ನಗುತ್ತಿದ್ದಳು. ಆ ನಗು ನೆನಪಾದರೆ ಈಗ ನನಗೆ ಸಂಕಟವಾಗುತ್ತದೆ.

ಅಕ್ಕ ಅರಣ್ಯ ಸಂಶೋಧನಾ ಕೇಂದ್ರದ ವಿಜ್ಞಾನಿ. ನಾನು ಅದೇ ಕೇಂದ್ರದ ಜೀಪು ಓಡಿಸುವವನು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವಳು ಅಕ್ಕಪಕ್ಕದಲ್ಲೇ ಎರಡು ಕಾಡು ನೆಡಿಸಿದಳು. ಒಂದರಲ್ಲಿ ಬರೀ ಪೈನ್. ಇನ್ನೊಂದರಲ್ಲಿ ಪೈನ್ ಜೊತೆಗೆ ಓಕ್, ಕಾಡು ಚೆರ್ರಿ, ವಿಲೋ. ಅದೇ ಮಣ್ಣು, ಅದೇ ಮಳೆ. ಯಾವುದು ಹೇಗೆ ಬಾಳುತ್ತದೆ ಎಂದು ನೋಡುತ್ತ ನೋಡುತ್ತ ಅವಳ ತಲೆ ಬೆಳ್ಳಗಾಯಿತು. ಮದುವೆಯ ಮಾತೆತ್ತಿದರೆ, ಮರಗಳು ಇನ್ನೂ ಚಿಕ್ಕವು ಎನ್ನುತ್ತಿದ್ದಳು.

ಪೈನ್ ಕಾಡಿನಲ್ಲಿ ಬೇರುಗಳೆಲ್ಲ ಒಂದೇ ಆಳದಲ್ಲಿ ನೀರಿಗೆ ಕಿತ್ತಾಡುತ್ತಿದ್ದವು. ಬೇಸಿಗೆ ಬಂದರೆ ಇಡೀ ಕಾಡಿಗೆ ಒಟ್ಟಿಗೇ ಬಾಯಾರಿಕೆ. ಬೆರಕೆ ಕಾಡಿನಲ್ಲಿ ಒಂದರ ಬೇರು ಮೇಲೆ, ಇನ್ನೊಂದರದು ಆಳದಲ್ಲಿ, ಯಾರ ತಂಟೆಗೆ ಯಾರೂ ಇಲ್ಲ. ಉದುರಿದ ಎಲೆ ಬೇಗ ಕೊಳೆತು ಮಣ್ಣು ಕಪ್ಪಗೆ, ಮೆತ್ತಗೆ ಇರುತ್ತಿತ್ತು. ತೊಗಟೆ ಕೊರೆಯುವ ದುಂಬಿ ಬಂದ ವರ್ಷ ಪೈನ್ ಕಾಡು ಕೆಂಪಗೆ ಒಣಗಿ ನಿಂತಿತು. ಪಕ್ಕದ ಬೆರಕೆ ಕಾಡಿನ ಪೈನ್‌ಗಳು ಮಾತ್ರ ಹಸಿರಾಗಿದ್ದವು. ಬೇರೆ ಮರಗಳ ವಾಸನೆಯ ನಡುವೆ ಪೈನ್ ಎಲ್ಲಿದೆಯೆಂದೇ ದುಂಬಿಗೆ ತಿಳಿಯುವುದಿಲ್ಲ ಎಂದು ಅಕ್ಕ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ನನಗೆ ಎಷ್ಟೋ ವರ್ಷಗಳಾಗಿದ್ದವು.

ಆಗಲೇ ಊರಿನ ಮೇಲಿರುವ ಬೋಳು ಇಳಿಜಾರಿನಲ್ಲಿ ಕಾಡು ನೆಡುವ ಮಾತು ಬಂತು. ಹಿಂದಿನ ಮಳೆಗಾಲದಲ್ಲಿ ಅಲ್ಲಿಂದ ಮಣ್ಣು ಜಾರಿ ಕೆಳಗಿನ ಮನೆಗಳ ಬಾಗಿಲವರೆಗೂ ಬಂದಿತ್ತು. ಒಂದೇ ಜಾತಿ ನೆಡಬೇಕೋ, ಬೆರಕೆಯೋ ಎಂದು ತೀರ್ಮಾನಿಸಲು ಕೂತ ಸಮಿತಿ ಅಕ್ಕನನ್ನು ಕರೆಸಿತು. ಅವಳ ಬದುಕೆಲ್ಲ ಈ ಒಂದು ಕರೆಗೇ ಕಾದಿತ್ತು. ಆದರೆ ಅಧ್ಯಕ್ಷರು ತಗಾದೆ ತೆಗೆದರು. ದುಂಬಿ ಎಣಿಸುವ ಬಲೆಗಳನ್ನು ಪೈನ್ ಕಾಡಿನಲ್ಲಷ್ಟೇ ಕಟ್ಟಿದ್ದೀರಿ. ಬೆರಕೆ ಕಾಡಿಗೆ ದುಂಬಿ ಬರಲೇ ಇಲ್ಲವೋ, ಬಂದು ಸೋತು ಹೋಯಿತೋ, ಹೇಗೆ ಗೊತ್ತು ಎಂದರು.

ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಇವಳು ತಲೆಯಾಡಿಸಿದಳು. ಅವರು ಕೇಳಿದ್ದು ನ್ಯಾಯವಾಗಿದೆ ಎಂದು ಜೀಪಿನಲ್ಲಿ ನನ್ನ ಮುಂದೆಯೂ ಅವರ ಪರವೇ ವಾದಿಸಿದಳು. ಮುಂದಿನ ಬೇಸಿಗೆ ಏರುವ ಮೊದಲೇ ಎರಡೂ ಕಾಡಿಗೆ ಸಮಸಮವಾಗಿ ಬಲೆ ಕಟ್ಟಿಸಿದಳು.

ಬಲೆ ಎಂದರೆ ಒಂದು ಕಪ್ಪು ಡಬ್ಬಿ, ಅದರೊಳಗೆ ವಾಸನೆಯ ಪೊಟ್ಟಣ. ಒಳ್ಳೆಯ ಪೈನ್ ಸಿಕ್ಕಿದ ದುಂಬಿ ತನ್ನವರನ್ನೆಲ್ಲ ಊಟಕ್ಕೆ ಕರೆಯುವ ವಾಸನೆ ಅದು. ಸತ್ತ ಮರಗಳ ನಡುವೆ ಕಟ್ಟಿದರೆ ಹೋಗುವುದೇನೂ ಇಲ್ಲ. ಬೆರಕೆ ಕಾಡಿನಲ್ಲಿ ಕಟ್ಟಿದ್ದು, ಅಡಗಿ ಕೂತವರ ಮನೆಗೆ ದಾರಿ ತೋರಿಸಿದಂತಾಯಿತು. ಬಂದ ದುಂಬಿಗಳಲ್ಲಿ ಕೆಲವು ಡಬ್ಬಿಗೆ ಬಿದ್ದವು, ಮಿಕ್ಕವು ಪಕ್ಕದ ಮರ ಹತ್ತಿದವು. ಬೇಸಿಗೆ ಮುಗಿಯುವಷ್ಟರಲ್ಲಿ ಅಲ್ಲಿನ ಪೈನ್‌ಗಳೂ ಕೆಂಪಾದವು. ಅಕ್ಕ ಒಂದೊಂದೇ ಮರದ ಹತ್ತಿರ ಹೋಗಿ ತೊಗಟೆ ಎಬ್ಬಿಸಿ ನೋಡಿದಳು. ನಾನು ಜೀಪಿಗೆ ಒರಗಿ ನಿಂತೇ ಇದ್ದೆ; ಅವಳ ಮುಖ ನೋಡಲು ಧೈರ್ಯ ಸಾಲಲಿಲ್ಲ.

ಸಮಿತಿಯ ಮುಂದೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಪ್ರೊಜೆಕ್ಟರ್ ಹೊತ್ತು ತಂದಿದ್ದ ನಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ದುಂಬಿಯನ್ನು ಕರೆತಂದದ್ದು ಬಲೆ, ಪೈನ್ ಹೋದರೂ ಅಲ್ಲಿ ಓಕ್, ಚೆರ್ರಿ, ವಿಲೋ ನಿಂತಿವೆ, ಮಣ್ಣು ಹಿಡಿದುಕೊಂಡಿವೆ ಎಂದಳು. ಅಧ್ಯಕ್ಷರು ಕೆಟ್ಟವರೇನಲ್ಲ. ಮೆತ್ತಗೇ ಕೇಳಿದರು.

"ಬಲೆ ಕಟ್ಟದೇ ಇರೋ ಬೆರಕೆ ಕಾಡು ಇನ್ನೊಂದು ಇದೆಯಾ ಮೇಡಂ, ಹೋಲಿಸಿ ನೋಡೋಕೆ?"

ಅವರ ಕುರ್ಚಿಯಲ್ಲಿ ಕೂತಿದ್ದರೆ ಅಕ್ಕನೂ ಇದನ್ನೇ ಕೇಳುತ್ತಿದ್ದಳು. ಅದು ಗೊತ್ತಿದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬಂತು. ಅಕ್ಕ ಇಲ್ಲ ಎಂದಳು.

ಪೈನ್ ಬೇಡ ಎಂದು ಸಮಿತಿ ತೀರ್ಮಾನಿಸಿತು. ಅಷ್ಟರ ಮಟ್ಟಿಗೆ ಬುದ್ಧಿ ಬಂದಿತ್ತು, ಸಂತೋಷ. ಬೇಗ ಬೆಳೆಯುತ್ತದೆ ಎಂದು ನೀಲಗಿರಿ ಆರಿಸಿದರು, ಅದೊಂದನ್ನೇ.

ಸಸಿಗಳ ಮೊದಲ ಲೋಡು ನನ್ನ ಜೀಪಿನಲ್ಲೇ ಹೋಯಿತು. ಸಸಿಯ ಜಾಗ ಗುರುತಿಸುವ ಅಳತೆಯ ಗೂಟ ನೆಡಿಸುವ ಕೆಲಸವನ್ನು ಅಕ್ಕನಿಗೇ ವಹಿಸಿದ್ದರು. ಇಳಿಜಾರು ಹತ್ತಿ ಜೀಪು ನಿಲ್ಲಿಸಿದಾಗ ನನಗೆ ತಡೆಯಲಾಗಲಿಲ್ಲ. ಇನ್ನೊಂದು ಬೆರಕೆ ಕಾಡು ನೆಡು, ಈ ಸಲ ಬಲೆ ಬೇಡ, ಗುಂಡಿಯೆಲ್ಲ ನಾನೇ ತೋಡುತ್ತೇನೆ ಎಂದೆ.

"ಅದು ಸಾಕ್ಷಿ ಹೇಳೋ ವಯಸ್ಸಿಗೆ ಬರೋಷ್ಟರಲ್ಲಿ ನಾನಿರಲ್ಲ ಕಣೋ" ಎಂದಳು. ಹಿಂದೆ ಮಣ್ಣು ಜಾರಿ ಬಂದಿದ್ದ ಕೆಳಗಿನ ಓಣಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಅತ್ತ ನೋಡುತ್ತ ಹೇಳಿದಳು: "ಆ ಮನೆಗಳೂ ಇರಲ್ಲ."

ಆಮೇಲೆ ಗೂಟಗಳ ಕಟ್ಟು ಇಳಿಸಲು ಹೇಳಿದಳು. ಇಳಿಸಿದೆ.