ಗೋಡೆಗೆ ತಕ್ಕ ಪಟ್ಟಿ

ಬಡಗಿ ಬಾಗಿಲು ನಿಲ್ಲಿಸಿ, "ಸುತ್ತ ಮರದ ಪಟ್ಟಿ ಹೊಡೆಯೋಕೆ ನಾಳೆ ಬರ್ತೀನಿ" ಎಂದು ಹೋದವನು ಮೂರು ವಾರವಾದರೂ ಪತ್ತೆಯಿಲ್ಲ. ಚೌಕಟ್ಟಿಗೂ ಗೋಡೆಗೂ ನಡುವೆ ಸಂದಿ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ಕೊನೆಗೆ ನಮ್ಮ ಮನೆಯವರೇ ಗರಗಸ ಹಿಡಿದರು. ಮೂವತ್ತು ವರ್ಷ ಗಣಿತ ಕಲಿಸಿದ ಮೇಷ್ಟ್ರು, ಮೊಳೆ ಹೊಡೆದು ಗೊತ್ತಿಲ್ಲ.

ಬಾಗಿಲು ಇಡಿಸಿದ್ದು ನನ್ನ ಹೊಲಿಗೆ ಕೋಣೆಗೆ. ಮಗಳು ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳದಾಯಿತು. ಮುಂಚೆ ಅಲ್ಲಿದ್ದದ್ದು ಬರೀ ಪರದೆ. ಅಳುವುದಕ್ಕಾದರೂ ಒಂದು ಬಾಗಿಲು ಬೇಡವೇ ಎಂದು ನಾನೇ ಹಟ ಹಿಡಿದೆ. ಈ ಹಿಂದೆಯೂ ಅವಳು ಎರಡು ಸಲ ಬಂದಿದ್ದಳು. ಎರಡು ಸಲವೂ ಇವರು "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎಂದು ತಾವೇ ಬಸ್ಸು ಹತ್ತಿಸಿ ಬಂದರು. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಮೂರನೆಯ ಸಲ ಬಂದವಳು ಅಪ್ಪನ ಜೊತೆ ಮಾತು ಬಿಟ್ಟಳು. ಮೂರು ತಿಂಗಳಿಂದ ಇವರು ಏನು ಕೇಳಿದರೂ ಅವಳು ಉತ್ತರ ಕೊಡುವುದು ನನಗೆ.

ಇವರು ಮೂರು ಪಟ್ಟಿಗಳನ್ನೂ ಮೇಜಿನ ಮೇಲೆ ಲೆಕ್ಕ ಹಾಕಿಯೇ ಕತ್ತರಿಸಿದರು. ಬಾಗಿಲ ಹತ್ತಿರ ಹೋಗಿ ಹಿಡಿದು ನೋಡುವ ಗೋಜಿಗೇ ಹೋಗಲಿಲ್ಲ. ಮೇಲಿನದು, ಬಲಗಡೆಯದು ಸರಿಯಾಗಿ ಕೂತವು. ಎಡಗಡೆ ಬಾಗಿಲು ಮೂಲೆಗೆ ಹತ್ತಿಕೊಂಡಿದೆ. ಅಲ್ಲಿ ಪಟ್ಟಿ ಕೆಳಗೆ ಪಕ್ಕದ ಗೋಡೆಗೆ ತಾಗಿತು, ಮೇಲೆ ಮಾತ್ರ ಬೆರಳು ತೂರುವಷ್ಟು ಜಾಗ ಉಳಿಯಿತು.

"ಪಟ್ಟಿ ನೇರವಾಗೇ ಇದೆ. ಗೋಡೆನೇ ಓರೆ" ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ರಸಮಟ್ಟ ಇಟ್ಟು ನೋಡು ಬೇಕಾದ್ರೆ. ಅದರ ಗಾಜಿನೊಳಗಿನ ಗುಳ್ಳೆ ಸುಳ್ಳು ಹೇಳುತ್ತಾ?"

ನೋಡಿದೆ. ಗೋಡೆ ನಿಜಕ್ಕೂ ವಾಲಿತ್ತು. ಆದರೆ ನಾನು ದರ್ಜಿ, ಓರೆ ಎಂದರೆ ನನಗೇನು ಹೊಸದೇ?

"ರೀ, ಒಂದು ಭುಜ ಇಳಿದಿರೋರು ನನ್ನ ಹತ್ರ ಬಂದ್ರೆ, ಮೊದಲು ಭುಜ ಸರಿ ಮಾಡ್ಕೊಂಡು ಬನ್ನಿ ಅಂತೀನಾ? ಬಟ್ಟೇನ ಭುಜಕ್ಕೆ ತಕ್ಕ ಹಾಗೆ ಕತ್ತರಿಸ್ತೀನಿ. ಅಗಲದ ಹಲಗೆ ತನ್ನಿ."

ತಂದರು. ಹಲಗೆಯನ್ನು ಆ ಮೂಲೆಯಲ್ಲಿ ನೆಟ್ಟಗೆ ಹಿಡಿಯಿರಿ ಎಂದೆ. ಒಂದು ಬೆರಳನ್ನು ಗೋಡೆಗೆ ಆನಿಸಿ, ಹೊಲಿಗೆಯ ಸೀಮೆಸುಣ್ಣವನ್ನು ಅದಕ್ಕೆ ಒತ್ತಿ, ಹಲಗೆಯ ಮೇಲೆ ತುದಿಯಿಂದ ಬುಡದವರೆಗೆ ಗೆರೆ ಎಳೆದೆ. ಗೋಡೆ ಎಲ್ಲಿ ವಾಲಿತ್ತೋ ಗೆರೆಯೂ ಅಲ್ಲಿ ವಾಲಿತು. ಇವರು ಗೆರೆಯ ಗುಂಟ ಕತ್ತರಿಸಿ ತಂದು ನಿಲ್ಲಿಸಿದರು. ಕೂದಲೂ ತೂರದಂತೆ ಕೂತಿತು.

ಇವರು ಮೊಳೆ ಹೊಡೆಯಲಿಲ್ಲ. ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತರು.

"ಎರಡು ಸಲ ಅವಳಿಗೇ ಹೊಂದಿಕೋ ಅಂದೆನಲ್ಲೇ" ಎಂದರು.

ನನಗೆ ಪಾಪ ಎನಿಸಿತು. ಆದರೂ ಬಿಡಲಿಲ್ಲ. "ನನ್ನ ಹತ್ರ ಹೇಳಿ ಏನು ಪ್ರಯೋಜನ? ಅವಳು ಒಳಗಿದ್ದಾಳೆ."

ಮುಚ್ಚಿದ ಬಾಗಿಲಿಗೆ ಮುಖ ಮಾಡಿದರು. ತರಗತಿಯಲ್ಲಿ ಗುಡುಗುತ್ತಿದ್ದವರು ಬಾಗಿಲ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು. "ತಪ್ಪು ನಂದು ಪುಟ್ಟಿ. ನಿನ್ನನ್ನ ವಾಪಸ್ ಕಳಿಸಬಾರದಿತ್ತು. ನೀನು ಹೇಳಿದ್ದನ್ನ ನಾನು ಕೇಳಿಸಿಕೊಳ್ಳಲೇ ಇಲ್ಲ."

ಬಾಗಿಲು ತೆರೆಯಲಿಲ್ಲ. ಇವರು ಬಗ್ಗಿ ನೆಲದ ಮೇಲಿನ ಮೊಳೆ ಆಯತೊಡಗಿದರು. ಮುಗಿಯಿತು, ಇನ್ನು ಇವಳು ಮಾತಾಡುವುದಿಲ್ಲ ಎಂದುಕೊಂಡೆ.

ಚಿಲಕ ಸರಿಯಿತು. ಮಗಳು ಬಾಗಿಲು ತೆಗೆದು ನಿಂತಳು. ಕಣ್ಣು ಕೆಂಪಗಿತ್ತು, ಮುಖದ ಗಂಟು ಸಡಿಲಾಗಿರಲಿಲ್ಲ. ನನ್ನತ್ತ ತಿರುಗಿಯೂ ನೋಡದೆ ಅಪ್ಪನಿಗೇ ಹೇಳಿದಳು:

"ಒಳಗಡೆ ಸಂದಿನೂ ಹಾಗೇ ಇದೆ, ಅಪ್ಪ. ಬಾ."