ನಾ ನೋಡಿದಾಗ ಗಾಲಿ ನಿಂತಿರಲಿಲ್ಲ

ಬಿಸಿಲು ಆ ಮೊನೆಗಳ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತಿದೆ, ಎಷ್ಟು ದಿನವಾಯಿತು ಬಿಸಿಲು ಕಂಡು, ಗಂಡ ಸತ್ತ ಮೇಲೆ ಮನೆಯೊಳಗೇ ಕೂರುವ ಇದ್ದತ್ ಮುಗಿಸಿ ಅಲ್ಮಾಸಬಿ ಹೊಸ್ತಿಲು ದಾಟಿದ್ದು ಇವತ್ತೇ, ದಾಟಿ ಬಂದದ್ದು ಪೊಲೀಸ್ ಠಾಣೆಯ ಅಂಗಳಕ್ಕೆ — ಎರಡು ಬಿಳಿ ಕಾರು, ಎರಡರ ಗಾಲಿಗೂ ನಟ್ಟಿನ ಮೇಲೆ ಸ್ಟೀಲಿನ ಮೊಳೆಗಳು, ಬೆರಳುದ್ದ, ಹೊರಗೆ ಚಾಚಿಕೊಂಡು, ಶೋಕಿಗೆ ಹಾಕಿಸುತ್ತಾರಂತೆ, ಯಾವ ಗಾಡಿ ಹೇಳ್ರಿ ಅವ್ವಾರ, ಸಾಹೇಬರು ಮತ್ತೆ ಕೇಳುತ್ತಿದ್ದಾರೆ, ತಂಗಿ ನಜಮಾ ಮೊಣಕೈ ಹಿಡಿದಿದ್ದಾಳೆ, ಅಕ್ಕಾ, ಚಂದಂಗ ನೋಡು, ನೋಡುತ್ತಿದ್ದಾಳೆ, ಏನೂ ಆಗುತ್ತಿಲ್ಲ, ಅಳು ಬರಬೇಕಿತ್ತು, ಸಿಟ್ಟಾದರೂ, ಎದೆಯೊಳಗೆ ಹಿಂಜಿದ ಅರಳೆ ತುಂಬಿದಂತೆ, ಮೆತ್ತಗೆ, ಸದ್ದಿಲ್ಲದೆ, ಅರಳೆ, ಅವತ್ತು ಗಂಡ ಮಹಬೂಬಸಾಬನ ಕಿವಿಯ ಹಿಂದೆ ಅಂಟಿತ್ತು, ಅಂತೂರ ಬೆಂತೂರಿನ ಮದುವೆ ಮನೆಗೆ ಗಾದಿ ಹೊಲಿದು ಕೊಟ್ಟು ಇಬ್ಬರೂ ಬೈಕಿನಲ್ಲಿ ಬರುತ್ತಿದ್ದರು, ಹಿಂದೆ ಕೂತವಳು ಅದನ್ನು ಬೆರಳಿನಿಂದ ತೆಗೆಯುತ್ತಿದ್ದಾಳೆ, ಚಾಷ್ಟಿ ಬಿಡು, ಗಟ್ಟಿ ಹಿಡಕೋ, ಅವನ ಬೆನ್ನು ನಕ್ಕಿತು, ಅಷ್ಟರಲ್ಲಿ ಬಲಗಡೆ ಉಜ್ಜಿಕೊಂಡು ಬಂತು ಕಾರು, ಅವನ ಕಾಲಿನ ಪಕ್ಕಕ್ಕೇ ಗಾಲಿ, ಗಾಲಿಯ ಮೇಲೆ ಎರಡು ಬಿಳಿ ಬಳೆ, ಒಂದು ದಪ್ಪ, ಅದರ ಹೊರಗೆ ಒಂದು ತೆಳ್ಳಗೆ, ಪ್ಯಾಂಟು ಸೆಳೆದು ಹರಿದ ಸದ್ದು, ಆಮೇಲೆ ಆಕಾಶ, ಕಾರು ನಿಲ್ಲಲಿಲ್ಲ.

ಎರಡು ಬಳಿ ಇದ್ದುವ್ರಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಳು, ಪೊಲೀಸರು ನಜಮಾಳ ಕಡೆ ತಿರುಗಿ, ಪಾಪ, ತಲಿಗೆ ಪೆಟ್ಟ ಬಿದ್ದೈತಿ ಅಂದಿದ್ದರು — ಇಲ್ಲಿ ಠಾಣೆಯ ಬೆಂಚಿನ ಮೇಲೆ ಹುಡುಗನೊಬ್ಬ ತಲೆ ತಗ್ಗಿಸಿ ಕೂತಿದ್ದಾನೆ, ವೀರು, ಎರಡನೆಯ ಕಾರು ಅವನದಂತೆ, ಅವನ ಕಾಕಾ ಮುತ್ತಣ್ಣ ಎದ್ದು ನಿಂತು, ಇಂಥಾ ಮೊಳಿ ಗದಗಿನ್ಯಾಗ ಎಷ್ಟೋ ಗಾಡಿಗೆ ಅದಾವ್ರಿ ಸಾಹೇಬ್ರ, ಆಕಿ ಹ್ಯಾಂಗ ಗುರ್ತ ಹಿಡೀತಾಳ, ಖರೆ, ಎರಡೂ ಒಂದೇ ಥರ ಕಾಣುತ್ತಿವೆ, ತಿರುಗಸ್ರಿ, ಯಾರ ದನಿ ಇದು, ತನ್ನದೇ, ಏನ ತಿರುಗಸೂದು ಅವ್ವಾರ, ಗಾಲಿ ತಿರುಗಸ್ರಿ ಸಾಹೇಬ್ರ, ನಾ ನೋಡಿದಾಗ ಅದು ನಿಂತಿರಲಿಲ್ಲ.

ಜಾಕ್ ಏರಿಸಿದರು, ಪೇದೆ ಮೊದಲ ಕಾರಿನ ಗಾಲಿಯನ್ನು ಎರಡೂ ಕೈಯಿಂದ ಜೋರಾಗಿ ತಿರುವಿದ, ಮೊಳೆಗಳು ಕರಗಿ ಒಂದು ಬಳೆಯಾದವು, ಒಂದೇ, ಇದಲ್ಲರಿ, ಜಾಕ್ ಆಚೆಯ ಕಾರಿಗೆ ಹೋಯಿತು, ವೀರು ಮುಖ ಎತ್ತುತ್ತಿಲ್ಲ, ಎಷ್ಟು ಸಣ್ಣವನು, ಅದೂ ಎದೆಗೆ ತಾಗುತ್ತಿಲ್ಲ, ಗಾಲಿ ತಿರುಗಿತು, ದಪ್ಪ ಬಳೆ, ಅದರ ಹೊರಗೆ ತೆಳ್ಳಗೆ ಇನ್ನೊಂದು, ಸಾಹೇಬ್ರ, ಒಂದು ಮೊಳಿ ಸೊಟ್ಟ ಆಗೇತ್ರಿ, ಅದಕ್ಕ ಎರಡ ಕಾಣತಾವು, ಪೇದೆ ಬಗ್ಗಿ ಕೂಗುತ್ತಿದ್ದಾನೆ, ಮುತ್ತಣ್ಣ ಮೆಲ್ಲಗೆ ಕೂತ, ಇದ ನೋಡ್ರಿ, ಅಂದಳು, ಉಪ್ಪಿನ ಡಬ್ಬಿ ತೋರಿಸಿದ ಹಾಗೆ, ಅಷ್ಟೇ, ನಜಮಾ ಬಿಕ್ಕುತ್ತಿದ್ದಾಳೆ, ವೀರು ಕೈಯಿಂದ ಮುಖ ಮುಚ್ಚಿಕೊಂಡಿದ್ದಾನೆ, ಸಾಕು ನಿಲ್ಲಸ್ರಿ ಅನ್ನಬೇಕು, ಕಣ್ಣು ಗಾಲಿ ಬಿಡುತ್ತಿಲ್ಲ, ಪಕ್ಕದಲ್ಲಿ ಅವನ ಕಾಲಿಲ್ಲ, ಬೈಕಿಲ್ಲ, ಸುಮ್ಮನೆ ಗಾಳಿಯಲ್ಲಿ ತಿರುಗುತ್ತಿವೆ, ಬಿಳಿ, ಎರಡು ಬಳೆ, ಒಂದು ದಪ್ಪ, ಅದರ ಹೊರಗೆ ಒಂದು ತೆಳ್ಳಗೆ, ಎರಡು ಬಳೆ —