ನೇಯ್ದಾಕಿ ಸೋಲಬೇಕು

ರವಿವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಫರಹತ್ ಮಗ್ಗದಿಂದ ಜಮಖಾನ ಇಳಿಸಿದಳು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಕೆಂಪು ನೆಲ, ಮೂಲೆಗೊಂದರಂತೆ ನಾಲ್ಕು ನವಿಲು, ನಡುವೆ ಪಗಡೆಯ ಮನೆಗಳು. ಮೊದಲ ಎಳೆಯಿಂದ ಕೊನೆಯ ಗಂಟಿನವರೆಗೆ ಆಕೆ ಒಬ್ಬಳೇ ನೇಯ್ದ ಮೊದಲ ಜಮಖಾನ ಅದು.

ಅದೇ ಕೋಣೆಯ ಗೂಡಿನಲ್ಲಿ, ಹಿತ್ತಾಳೆ ಲೋಟದ ಕೆಳಗೆ, ನಾಲ್ಕು ಹಾಳೆಯ ಒಂದು ಕರಾರುಪತ್ರ ಇತ್ತು. ಕೋಲ್ಕತ್ತಾದ ಒಂದು ಫುಟ್‌ಬಾಲ್ ಕ್ಲಬ್ ತನ್ನ ಮಹಿಳಾ ತಂಡದ ಗೋಲ್‌ಕೀಪರ್, ಫರಹತಳ ನಾದಿನಿ ನಿಲೋಫರಳಿಗೆ ಕಳಿಸಿದ ಪತ್ರ. ಸಹಿ ಮಾಡಿ ಸಂಜೆ ಐದರೊಳಗೆ ಫೋಟೊ ಕಳಿಸಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ನಿಲೋಫರಳಿಗೆ ಮೂವತ್ತೆರಡು ವರ್ಷ. ಇನ್ನೊಂದು ಹಂಗಾಮು ಆಡಿದರೆ ಅದೇ ಕೊನೆಯದು ಎಂಬುದು ಕ್ಲಬ್ಬಿಗೂ ಗೊತ್ತಿತ್ತು, ಆಕೆಯ ಎಡ ಭುಜಕ್ಕೂ ಗೊತ್ತಿತ್ತು.

ಬೆಳಿಗ್ಗೆ ಚಹಾ ಕುಡಿಯುವಾಗಲೇ ಆಕೆ ಸಹಿ ಮಾಡುವುದಿಲ್ಲ ಎಂದಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ ‘ಭುಜ’ ಎಂದಳು. ಭುಜ ಕಾರಣವಾಗಿರಲಿಲ್ಲ.

ನಿಲೋಫರಳ ಗಂಡ ದಾದಾಪೀರ ನವಲಗುಂದ ಡಿಪೋದಲ್ಲಿ ಬಸ್ ಕಂಡಕ್ಟರ್. ಅವರ ಬಾಡಿಗೆ ಮನೆ ತವರಿನಿಂದ ಎರಡು ಓಣಿ ಆಚೆ. ಹಿಂದಿನ ಹಂಗಾಮಿನಲ್ಲಿ ಆಕೆ ಕೋಲ್ಕತ್ತಾದಲ್ಲಿದ್ದ ಆರು ತಿಂಗಳು ಮಗಳು ಅಲ್ಫಿಯಾ ಬೆಳಿಗ್ಗೆಯಿಂದ ಸಂಜೆವರೆಗೆ ಇದ್ದದ್ದು ಇಲ್ಲಿ, ಅಣ್ಣನ ಹೆಂಡತಿ ಫರಹತ್ ಹತ್ತಿರ. ಆ ಆರು ತಿಂಗಳಲ್ಲಿ ಫರಹತ್ ಅತ್ತೆಯ ಜೊತೆ ನೇಯ್ದದ್ದು ಎರಡೇ ಜಮಖಾನ. ಒಂದರಲ್ಲಿ ಅಲ್ಫಿಯಾ ಎಳೆ ಜಗ್ಗಿದ್ದರಿಂದ ಒಂದು ಮೊಳ ಬಿಚ್ಚಿ ಮತ್ತೆ ನೇಯಬೇಕಾಯಿತು. ಫರಹತ್ ಈ ಮಾತನ್ನು ಯಾವತ್ತೂ ಫೋನಿನಲ್ಲಿ ಹೇಳಲಿಲ್ಲ. ನಿಲೋಫರ್ ಊರಿಗೆ ಬಂದ ಮೇಲೆ ನೇಯ್ಗೆಯಲ್ಲಿ ಬಣ್ಣ ಒಂದಿಷ್ಟು ಬೇರೆಯಾದ ಜಾಗ ನೋಡಿ ತಾನೇ ಕೇಳಿ ತಿಳಿದುಕೊಂಡಳು. ಈಗ ಫರಹತ್‌ಗೆ ಮೈಸೂರಿನ ಪ್ರದರ್ಶನದಿಂದ ಆರು ಜಮಖಾನಗಳ ಬೇಡಿಕೆ ಬಂದಿತ್ತು, ಆಕೆಯದೇ ಹೆಸರಿನಲ್ಲಿ, ಮೊದಲ ಸಲ.

ಆ ಮನೆಯಲ್ಲಿ ಮಗ್ಗದ ಕೆಲಸ ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ನಾಳೆ ಬೇರೆ ಮನೆಗೆ ಹೋಗುವವಳು, ಕಸುಬು ಆಕೆಯ ಜೊತೆ ಹೊರಗೆ ಹೋಗುತ್ತದೆ ಎಂಬುದು ಲೆಕ್ಕ. ಹೀಗಾಗಿ ನಿಲೋಫರ್ ಹತ್ತು ವರ್ಷದವಳಿದ್ದಾಗ ತಾಯಿ ಹಜರತಬಿ ಮಗ್ಗದ ಮುಂದೆ ಕೂತರೆ, ಹುಡುಗಿಗೆ ಹೊರಗೆ ಹೋಗುವುದೊಂದೇ ಕೆಲಸ. ಹೊರಗೆ ಶಾಲೆಯ ಮೈದಾನ ಇತ್ತು. ಅಣ್ಣಿಗೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಆಟದ ಮಾಸ್ತರ ಫಕೀರೇಶ ಆಕೆಯನ್ನು ಗೋಲಿನಲ್ಲಿ ನಿಲ್ಲಿಸಿದರು. ಊರಿನ ಉಳಿದ ಹುಡುಗಿಯರ ಕೈಯಲ್ಲಿ ತಂಗಿಯೋ, ಕೊಡವೋ, ಹತ್ತಿ ಬಿಡಿಸುವ ಜೋಳಿಗೆಯೋ ಇರುತ್ತಿತ್ತು. ‘ಈ ಹುಡುಗಿ ಕೈ ಖಾಲಿ ಅದಾವ’ ಎಂದು ಮಾಸ್ತರ ಅಂದದ್ದು ಆಕೆಗೆ ಇನ್ನೂ ನೆನಪಿದೆ. ಹದಿಮೂರು ವರ್ಷದಲ್ಲಿ ಮೂರು ಕ್ಲಬ್, ನೂರಾ ನಲವತ್ತೊಂದು ಪಂದ್ಯ. ತನಗೆ ಕಲಿಸದೆ ಬಿಟ್ಟ ಕಸುಬಿಗೆ ತಾನು ಋಣಿ ಎಂದು ಆಕೆ ಒಮ್ಮೆ ತಂಡದ ಗೆಳತಿಯರಿಗೆ ಹೇಳಿದಾಗ ಅವರಿಗೆ ಅರ್ಥವಾಗಲಿಲ್ಲ.

ಜಮಖಾನ ನೆಲಕ್ಕೆ ಹಾಸಿ ಫರಹತ್ ಕವಡೆಯ ಚೀಲ ತಂದಳು. ಪಗಡೆ ನೇಯ್ದ ಹಾಸು ಮನೆ ಬಿಟ್ಟು ಹೋಗುವ ಮುಂಚೆ ಅದರ ಮೇಲೆ ಒಂದು ಆಟ ಆಡಬೇಕು. ಆ ಆಟದಲ್ಲಿ ನೇಯ್ದವಳು ಸೋಲಬೇಕು, ಗೆಲುವು ಹಾಸಿನ ಜೊತೆ ಕೊಂಡವರ ಮನೆಗೆ ಹೋಗಬೇಕು. ಇದು ಹಜರತಬಿಯ ಮನೆಯ ನಿಯಮ. ಸಣ್ಣವಳಿದ್ದಾಗ ಪ್ರತಿ ಹೊಸ ಹಾಸಿನ ಮೇಲೂ ತಾಯಿಯ ಎದುರು ಕೂತು ಗೆದ್ದದ್ದು ನಿಲೋಫರ್.

“ಬಾ ನಿಲೋ, ಕುಂಡ್ರು,” ಎಂದಳು ಫರಹತ್. “ಬರೇ ಆಡೂದು ಬ್ಯಾಡ. ಶರತ್ತು ಕಟ್ಟೂಣು. ನೀ ಗೆದ್ದಿ ಅಂದ್ರ ಆ ಕಾಗದಕ್ಕ ಸಹಿ ಹಾಕು. ನಾ ಗೆದ್ದೆ ಅಂದ್ರ ಹರದು ಒಲಿಗಿ ಹಾಕು.”

“ಭಾಬಿ, ಕಾಗದದ ಮಾತು ಮುಂಜಾನೆನ ಮುಗದೈತಿ.”

“ಅಂಜಿದಿ?”

“ಯಾರಿಗೆ, ನಿನಗ?”

“ಹಂಗಾರ ಕುಂಡ್ರು.”

ನಿಲೋಫರ್ ಕೂತಳು. ಶರತ್ತಿನ ಒಳಗಿರುವುದು ಏನು ಎಂದು ಆಕೆಗೆ ತಕ್ಷಣ ತಿಳಿಯಿತು. ಫರಹತ್ ನೇಯ್ದವಳು, ಫರಹತ್ ಸೋಲಲೇಬೇಕು. ಸೋಲುವುದು ಖಾತ್ರಿ ಇರುವ ಆಟಕ್ಕೆ ಶರತ್ತು ಕಟ್ಟಿ ಆಕೆ ಇನ್ನೊಂದು ಆರು ತಿಂಗಳು ಕೈಯೆತ್ತಿ ಕೊಡುತ್ತಿದ್ದಳು. ಕೊಟ್ಟಿದ್ದನ್ನು ತೆಗೆದುಕೊಳ್ಳದಿರಲು ನಿಲೋಫರಳಿಗೆ ಇದ್ದದ್ದು ಒಂದೇ ದಾರಿ. ತಾನು ಮೊದಲೇ ಸೋಲುವುದು.

ಹಜರತಬಿ ಬಾಗಿಲ ಬಾಜೂ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಲ್ಫಿಯಾ ಅಜ್ಜಿಯ ತೊಡೆಗೆ ತಲೆಯಿಟ್ಟು ಮಲಗಿತ್ತು. ಆ ಮನೆಯಲ್ಲಿ ಉರ್ದು ಮತ್ತು ಕನ್ನಡ ಒಂದೇ ಮಾತಿನಲ್ಲಿ ಕೂಡಿ ಬರುತ್ತವೆ, ಜಗಳ ಮಾತ್ರ ಪೂರಾ ಕನ್ನಡದಲ್ಲಿ. ಅರ್ಧ ತಾಸು ಆಟದಲ್ಲಿ ಯಾವ ಭಾಷೆಯೂ ಕೇಳಲಿಲ್ಲ. ಕವಡೆ ಬೀಳುವ ಸಪ್ಪಳ ಅಷ್ಟೆ. ಹಜರತಬಿ ಮೊರ ನಿಲ್ಲಿಸಿ ಕಣ್ಣು ಎತ್ತಿದಳು.

“ನಿಲೋ, ಮೂರು ಬಿದ್ದಾವ. ಅಕಿ ಕಾಯಿ ನಿನ್ನ ಮುಂದ ಮೂರನೇ ಮನ್ಯಾಗ ಐತಿ. ಯಾಕ ಹೊಡೀಲಿಲ್ಲ?”

“ನೋಡ್ಲಿಲ್ಲಮ್ಮಾ.”

“ಇಪ್ಪತ್ತು ಗಜದಿಂದ ಬರೂ ಚೆಂಡು ಕಾಣ್ತೈತಿ, ಮೊಳಕಾಲ ಮುಂದಿನ ಕಾಯಿ ಕಾಣೂದಿಲ್ಲ?”

ಫರಹತ್ ಕವಡೆ ಹಾಕಿ ತನ್ನ ಒಂದು ಕಾಯಿಯನ್ನು ಕಟ್ಟೆಯಿಂದ, ಅಂದರೆ ಯಾರೂ ಹೊಡೆಯಲಾಗದ ಮನೆಯಿಂದ, ಹೊರಗೆ ನಡೆಸಿ ನಿಲೋಫರಳ ಕಾಯಿಯ ಎದುರಿಗೆ ತಂದಿಟ್ಟಳು.

“ನೀ ಏನಬೇ ಫರಹತ್, ಕಟ್ಟಿ ಬಿಟ್ಟು ಬಯಲಿಗೆ ಯಾಕ ಬಂದಿ?”

“ನೇಯ್ದಾಕಿ ಸೋಲಬೇಕಲ್ರಿ ಅತ್ತಿ.”

“ಅದು ಖರೆ. ನೀ ಸೋಲಾಕ ಆಡ್ತಿ, ನಿಯಮ ಐತಿ. ಇಕಿ ಯಾಕ ಸೋಲಾಕ ಆಡಾಕತ್ತಾಳ?”

ಹಜರತಬಿ ಮಗುವಿನ ತಲೆಯನ್ನು ದಿಂಬಿಗೆ ಸರಿಸಿ ಎದ್ದು ಬಂದು, ಜಮಖಾನದ ಅಂಚಿನಲ್ಲಿ ಕೂತಳು.

“ಹದಿಮೂರು ವರ್ಷದಾಗ ಒಂದ ಚೆಂಡು ಬೇಕಂತ ಒಳಗ ಬಿಟ್ಟೀಯೇನ?” ಎಂದು ಮಗಳನ್ನು ಕೇಳಿದಳು.

“ಇಲ್ಲ.”

“ಎದುರಿನಾಕಿ ಮ್ಯಾಲ ಮರುಕ ಬಂದ್ರೂ?”

“ಬಂದ್ರೂ ಇಲ್ಲಮ್ಮಾ. ಕೀಪರ್ ಆದಾಕಿ ಪಂದ್ಯ ಗೆಲ್ಲಸೂದಿಲ್ಲ, ಉಳಸ್ತಾಳ. ಮುಂದಿನ ಹತ್ತು ಮಂದಿ ಹಿಂದ ತಿರುಗಿ ನೋಡದ ಓಡೂದು ನಾ ಅದೀನಿ ಅಂತ. ಬೇಕಂತ ಬಿಟ್ರ ಅವರಿಗೆ ಮೋಸ.”

“ಮತ್ತ ನನ್ನ ಮನ್ಯಾಗ ಯಾಕ ಬಿಡಾಕತ್ತಿ?”

ನಿಲೋಫರ್ ಕವಡೆಗಳನ್ನು ಅಂಗೈಯಲ್ಲಿ ಹಿಡಿದು ಕೂತಳು. ಆಮೇಲೆ ಹೇಳಿದಳು: “ನಿಯಮ ಅಡ್ಡ ಬಂತಮ್ಮಾ. ಭಾಬಿ ಸೋಲತಾಳಂತ ಗೊತ್ತಿದ್ದ ಆಟದಾಗ ಗೆದ್ದ ನಾ ಹೆಂಗ ಹೋಗ್ಲಿ?”

ಹಜರತಬಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಸೆರಗು ಬಾಯಿಗೆ ಹಿಡಿಯುವಷ್ಟು.

“ಅದು ನಿಯಮ ಅಲ್ಲ, ಹುಚ್ಚಿ. ನೀ ಏಳು ವರ್ಷದಾಕಿ ಇದ್ದಿ. ನನ್ನ ಕೂಡ ಆಡಿ ಸೋತಿ. ಸಿಟ್ಟಿಗೆ ಏಳೂ ಕವಡಿ ಒಯ್ದು ಕೆರ್ಯಾಗ ಒಗದ ಬಂದಿ. ನಮ್ಮ ಅತ್ತಿ ಕಾಲದ ಕವಡಿ ಅವು. ಮತ್ತ ತಂದ್ರ ಮತ್ತ ಒಗೀತಿದ್ದಿ. ಅದಕ್ಕ ಹೇಳಿದೆ, ಮೊದಲ ಆಟದಾಗ ನೇಯ್ದಾಕಿ ಸೋಲಬೇಕು, ಹಂಗ ಪದ್ಧತಿ ಐತಿ ಅಂತ. ನೀ ನಂಬಿದಿ. ಹೊಸ ಕವಡಿ ಉಳದವು.”

ಫರಹತ್ ನೆಟ್ಟಗೆ ಕೂತಳು. “ಅಂದ್ರ ಇದು ನಿಮ್ಮ ಅತ್ತಿ ಕಾಲದಿಂದ ಬಂದದ್ದಲ್ಲ?”

“ನಮ್ಮ ಅತ್ತಿ? ಅಕಿ ಸೋಲತಿದ್ಲಾ? ಸೋಲೂ ಹೊತ್ತಿಗಿ ನಮಾಜಿಗಿ ಹೊತ್ತಾತು ಅಂತ ಎದ್ದು ಹೋಗತಿದ್ಲು.”

“ಹಂಗಾರ ಒಂಬತ್ತು ವರ್ಷ ನಾ ಸೋತದ್ದು? ಎರಡ ಸಲ ಗೆಲ್ಲೂ ಆಟ ಕೈಬಿಟ್ಟೀನ್ರಿ! ಒಮ್ಮೆ ಇಕಿ ಅಣ್ಣ ಗೆದ್ದು ತಿಂಗಳಗಟ್ಟಲೆ ಚ್ಯಾಷ್ಟಿ ಮಾಡ್ಯಾರ!”

“ಯಾರಿಗೂ ತ್ರಾಸ ಇರಲಿಲ್ಲ, ಇರಲಿ ಅಂತ ಬಿಟ್ಟೆ.”

ನಿಲೋಫರ್ ನಗಲಿಲ್ಲ. ತಾನು ಆಟಗಾರ್ತಿಯಾದದ್ದಕ್ಕೆ ಯಾರು ಕಾರಣ ಎಂದು ಪತ್ರಿಕೆಯವರು ಕೇಳಿದಾಗಲೆಲ್ಲ ಆಕೆ ಫಕೀರೇಶ ಮಾಸ್ತರರ ಹೆಸರು ಹೇಳಿದ್ದಳು. ಸೋಲು ತಾಳಲು ಬರುವವರೆಗೆ ಒಬ್ಬಳು ಎದುರಿಗೆ ಕೂತು ಸೋತಿದ್ದಳು, ಅದಕ್ಕೊಂದು ಪದ್ಧತಿಯ ಹೆಸರು ಕೊಟ್ಟಿದ್ದಳು ಎಂಬುದು ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಆಕೆ ತಾಯಿಯ ಪಾದದ ಮೇಲೆ ಕೈಯಿಟ್ಟಳು. ಹಜರತಬಿ ಕೈ ಸರಿಸಿದಳು.

“ಸಾಕು. ಬಾಯಿಲೆ ಹೇಳೂ ಮಾತು ಕವಡಿ ಕಡಿಂದ ಯಾಕ ಹೇಳಸ್ತೀರಿ? ಫರಹತ್, ನೀ ಮೊದಲ ಹೇಳು. ಖರೆ ಹೇಳು.”

ಫರಹತ್ ಜಮಖಾನದ ಒಂದು ನವಿಲಿನ ಕತ್ತಿನ ಮೇಲೆ ಬೆರಳು ಆಡಿಸುತ್ತ ಹೇಳಿದಳು. “ಇಕಿ ಹೋಗಬೇಕು. ನಾ ಫೋನಿನ್ಯಾಗ ಇಕಿ ಆಟ ನೋಡ್ತೀನ್ರಿ. ಚೆಂಡು ಹಿಡದಾಗ ಓಣಿಯೆಲ್ಲ ಕೇಳೂವಂಗ ಚೀರ್ತೀನಿ. ಆದ್ರ ಹೋದ ವರ್ಷದಂಗ ನನ್ನ ಕಡೆ ಆಗೂದಿಲ್ಲ. ಆರು ಹಾಸು ಕೊಡಬೇಕು. ಅಲ್ಫಿಯಾ ಮಗ್ಗದ ಕೋಣ್ಯಾಗ ಇದ್ರ ಆಗೂದಿಲ್ಲ. ಇಷ್ಟ ಹೇಳಾಕ ನನಗ ನಾಚಿಕಿ ಬಂತು, ಅದಕ್ಕ ಮೊದಲ ಇಕಿ ಸಹಿ ಹಾಕ್ಲಿ ಅಂತ ಶರತ್ತು ಕಟ್ಟಿದೆ.”

“ಇದನ್ನ ಮುಂಜಾನೆ ಹೇಳಿದ್ರ ಏನಾಗ್ತಿತ್ತು ಭಾಬಿ?”

“ನೀ ಭುಜ ಅಂದಿ. ನಾ ಏನ ಹೇಳ್ಲಿ, ಭುಜಕ್ಕ?”

ನಿಲೋಫರ್ ಅಲ್ಲೇ ಕೂತು ಗಂಡನಿಗೆ ಫೋನ್ ಹಚ್ಚಿದಳು. ದಾದಾಪೀರ ಹುಬ್ಬಳ್ಳಿ ನಿಲ್ದಾಣದಲ್ಲಿ ಊಟಕ್ಕೆ ಕೂತಿದ್ದ. ಮಾತು ನಾಲ್ಕು ನಿಮಿಷ ನಡೆಯಿತು. ನಸುಕಿನ ಮೊದಲ ಬಸ್ ತೆಗೆದುಕೊಂಡರೆ ಆತ ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಬರುತ್ತಾನೆ. ಆ ಪಾಳಿ ಯಾರಿಗೂ ಬೇಡ, ಕೇಳಿದರೆ ನಾಳೆಯೇ ಸಿಗುತ್ತದೆ. ಬೆಳಿಗ್ಗೆ ಅಂಗನವಾಡಿ, ಅದಕ್ಕೆ ಮುಂಚೆಯೂ ಅಲ್ಲಿಂದ ಎರಡರವರೆಗೂ ಅಜ್ಜಿ, ಆಮೇಲೆ ಅಪ್ಪ. “ಹೋದ ವರ್ಷನೂ ಕೇಳಿದ್ರ ಮಾಡ್ತಿದ್ನೆಲ್ಲ,” ಎಂದ ದಾದಾಪೀರ. “ಭಾಬಿ ಎಲ್ಲಾ ಆರಾಮ ಅಂತ ಅಂದ್ರು, ನಾ ನಂಬಿದೆ. ತಪ್ಪು ನಂದೂ ಐತಿ.”

“ನನ್ನದೊಂದು ಇನ್ನೂ ಐತಿ,” ಎಂದಳು ಫರಹತ್. “ಅತ್ತ್ಯಾರ ಕಣ್ಣು ಸಣ್ಣ ಎಳಿ ಹಿಡ್ಯೂದಿಲ್ಲ ಈಗ. ಇದೊಂದನ್ನ ನಾ ಒಬ್ಬಾಕಿನ ನೇಯ್ದೆ, ಆದ್ರ ಈ ಮಗ್ಗಕ್ಕ ಇಬ್ಬರು ಬೇಕು. ಹಂಗಾಮು ಮುಗದ ಮ್ಯಾಲ ನಿಲೋ ನನ್ನ ಬಾಜೂ ಕುಂಡ್ರಬೇಕು. ನಾ ಕಲಸ್ತೀನಿ.”

ಹಜರತಬಿಯ ಮುಖದ ನಗು ಹೋಯಿತು. “ಅದು ಆಗೂದಿಲ್ಲ. ಮಗಳಿಗೆ ಕಲಸೂದಿಲ್ಲ. ಇದು ನಾ ಮಾಡಿದ ನಿಯಮ ಅಲ್ಲ, ಖರೇನ ಹಿರಿಯರದ್ದು.”

“ಹೌದ್ರಿ ಅತ್ತಿ. ನಿಮಗ ಅಕಿ ಮಗಳು, ನೀವು ಕಲಸಬ್ಯಾಡ್ರಿ. ನನಗ ಅಕಿ ನಾದಿನಿ. ನಾದಿನಿಗೆ ಕಲಸಬಾರದು ಅಂತ ಯಾವ ಹಿರಿಯರು ಹೇಳ್ಯಾರ?”

ಹೊರಗೆ ಹತ್ತಿ ಹೇರಿದ ಟ್ರ್ಯಾಕ್ಟರ್ ಒಂದು ಓಣಿ ದಾಟುವವರೆಗೆ ಯಾರ ಮಾತೂ ಕೇಳುವಂತಿರಲಿಲ್ಲ. ಅದು ದಾಟಿತು.

“ವಕೀಲರ ಮನಿಂದ ಸೊಸಿ ತಂದಿದ್ರೂ ಇಷ್ಟ ಮಾತಾಡ್ತಿದ್ದಿಲ್ಲ,” ಎಂದಳು ಹಜರತಬಿ. “ನಾ ಆ ಹೊತ್ತಿನ್ಯಾಗ ಕೋಣ್ಯಾಗ ಇರೂದಿಲ್ಲ. ನೋಡ್ಲಿಲ್ಲ ಅಂದ್ರ ನನಗ ಗೊತ್ತಿಲ್ಲ.”

ಅಷ್ಟಕ್ಕೆ ಒಪ್ಪಿಗೆ ಆಯಿತು. ನಿಲೋಫರ್ ತನ್ನ ಎರಡು ಕೈ ಮುಂದೆ ಚಾಚಿ ನೋಡಿಕೊಂಡಳು. ಬಲಗೈಯ ಉಂಗುರದ ಬೆರಳು ಒಮ್ಮೆ ಮುರಿದು ಸೊಟ್ಟಗೆ ಕೂಡಿದ್ದು. ಇಷ್ಟು ವರ್ಷ ಖಾಲಿ ಇಟ್ಟು ಕಳಿಸಿದ ಮನೆ ಈಗ ಅವನ್ನು ವಾಪಸು ಕೇಳುತ್ತಿತ್ತು. ಚೆಂಡು ಬಿಟ್ಟ ಮೇಲೆ ಕೈಗೆ ಏನು ಎಂದು ಹೋಟೆಲು ಕೋಣೆಗಳಲ್ಲಿ ಆಕೆ ಎಷ್ಟೋ ಸಲ ಯೋಚಿಸಿದ್ದಳು.

“ಈ ಸೊಟ್ಟ ಬೆರಳಿಲೆ ಬರ್ತೈತೇನ ಭಾಬಿ?”

“ಬರದಿದ್ರ ಬಿಚ್ಚಸ್ತೀನಿ. ಈಗ ಕವಡಿ ಹಾಕು. ಶರತ್ತು ಇಲ್ಲ, ನಿಯಮ ಇಲ್ಲ. ನೋಡೂಣು.”

ಅವರು ಕಾಯಿಗಳನ್ನು ತೆಗೆದು ಮೊದಲಿನಿಂದ ಆಡಿದರು. ನಿಲೋಫರ್ ಎರಡು ಸಲ ಫರಹತಳ ಕಾಯಿ ಹೊಡೆದಳು. ಫರಹತ್ ಮೂರು ಸಲ ಹೊಡೆದಳು, ಪ್ರತಿ ಸಲವೂ ತೊಡೆ ತಟ್ಟಿದಳು. ಅಲ್ಫಿಯಾ ಎದ್ದು ಬಂದು ನವಿಲಿನ ಮೇಲೆ ಕೂತಿತು. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಫರಹತಳ ನಾಲ್ಕನೇ ಕಾಯಿ ನಡುಮನೆ ಸೇರಿ ಹಣ್ಣಾಯಿತು. ನಿಲೋಫರಳದು ಎರಡು ಕಾಯಿ ಇನ್ನೂ ಹೊರಗಿದ್ದವು.

“ಕವಡಿ ಮುಚ್ಚಿಡ್ರಿ,” ಎಂದಳು ಹಜರತಬಿ. “ಇಕಿ ಸೋತಾಳ, ಕೆರಿ ಸಮೀಪ ಐತಿ.”

ನಿಲೋಫರ್ ನಾಲ್ಕೂ ಹಾಳೆಗೆ ಸಹಿ ಮಾಡಿ ನಾಲ್ಕು ಗಂಟೆ ನಲವತ್ತೈದಕ್ಕೆ ಫೋಟೊ ಕಳಿಸಿದಳು. ತಂಡ ಆ ಹಂಗಾಮಿನಲ್ಲಿ ನಾಲ್ಕನೇ ಸ್ಥಾನಕ್ಕೆ ನಿಂತಿತು. ಆಕೆ ಹನ್ನೆರಡು ಪಂದ್ಯ ಆಡಿದಳು. ಫರಹತ್ ಆರು ಜಮಖಾನಗಳಲ್ಲಿ ಐದನ್ನು ಹೇಳಿದ ದಿನಕ್ಕೆ ಕಳಿಸಿದಳು. ಆರನೆಯದರ ಮೇಲೆ ನಿಲೋಫರ್ ಮೇ ತಿಂಗಳ ಎರಡನೇ ವಾರ ಮಗ್ಗದ ಎಡಬದಿಗೆ ಕೂತು ಒಂದು ಗೇಣು ನೇಯ್ದಳು. ಫರಹತ್ ಅದನ್ನು ಪೂರಾ ಬಿಚ್ಚಿಸಿದಳು.